ಮೈಂಡ್‌ಫುಲ್‌ನೆಸ್: ನೊಂದ ಮನಸ್ಸಿಗೆ ಅದರಿಂದ ಆಗುವುದೇನು, ಆಗದಿರುವುದೇನು

ಮಂಗಳೂರು, ಉಡುಪಿ ಕಡೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಂಡು ಬಂದವರು ಈಚೆಗೆ ಒಂದು ಸಲಹೆಯನ್ನು ಹೊತ್ತು ತರುವುದುಂಟು: ದಿನಾ ಹತ್ತು ನಿಮಿಷ ಮೈಂಡ್‌ಫುಲ್‌ನೆಸ್ ಮಾಡಿ. ಕಾಲೇಜಿನ ಕಾರ್ಯಾಗಾರಗಳಲ್ಲಿ ಈ ಮಾತಿದೆ, ಕಂಪನಿಗಳ ತರಬೇತಿಯಲ್ಲಿದೆ, ಫೋನಿನ ಆ್ಯಪ್‌ಗಳಲ್ಲಂತೂ ಲೆಕ್ಕವಿಲ್ಲದಷ್ಟಿದೆ. ಆದರೆ ಮನೆಗೆ ಬಂದು ಕುರ್ಚಿಯಲ್ಲಿ ಕೂತ ಮೇಲೆ ಮಾಡಬೇಕಾದ್ದೇನು ಎಂಬುದು ಹೆಚ್ಚಿನವರಿಗೆ ಸ್ಪಷ್ಟವಿಲ್ಲ. ಕಣ್ಣು ಮುಚ್ಚುತ್ತಾರೆ. ಎರಡೇ ನಿಮಿಷದಲ್ಲಿ ಬ್ಯಾಂಕಿನ ಕಂತು, ಮಗಳ ಪರೀಕ್ಷೆ, ಮೊನ್ನೆ ಮದುವೆ ಮನೆಯಲ್ಲಿ ನೆಂಟರೊಬ್ಬರು ಆಡಿದ ಚುಚ್ಚುಮಾತು ಎಲ್ಲ ಸಾಲಾಗಿ ಬರುತ್ತವೆ. "ಇದು ನಮ್ಮಿಂದ ಆಗುವಂಥದ್ದಲ್ಲ ಮಾರಾಯ್ರೆ" ಎಂದು ಎದ್ದುಬಿಡುತ್ತಾರೆ. ನಿಜವಾದ ಅಭ್ಯಾಸ ಶುರುವಾಗುವುದು ಅವರು ಎದ್ದ ಆ ಕ್ಷಣದಲ್ಲೇ. ಅದನ್ನು ಮೊದಲೇ ಹೇಳಿಕೊಟ್ಟಿದ್ದರೆ ಎಷ್ಟೋ ಮಂದಿ ಬಿಟ್ಟುಬಿಡುತ್ತಿರಲಿಲ್ಲ.

ಮೈಂಡ್‌ಫುಲ್‌ನೆಸ್ ಎಂದರೆ ಏನು

ಸದ್ಯ ಏನು ನಡೆಯುತ್ತಿದೆಯೋ ಅದನ್ನು ಬೇಕೆಂದೇ ಗಮನಿಸುವುದು. ಅದು ಉಸಿರಾಗಿರಬಹುದು, ಹೆಗಲಿನ ಬಿಗಿತವಾಗಿರಬಹುದು, ಮಾಡಿನ ಮೇಲೆ ಬೀಳುವ ಮಳೆಯ ಸದ್ದಾಗಿರಬಹುದು, ಒಳಗೆ ಕುದಿಯುವ ಸಿಟ್ಟಾಗಿರಬಹುದು. ಗಮನಿಸುವಾಗ "ಛೆ, ಹೀಗಾಗಬಾರದಿತ್ತು" ಎಂದು ಅದರ ಜೊತೆ ಜಗಳಕ್ಕೆ ನಿಲ್ಲದಿರುವುದು. ವ್ಯಾಖ್ಯೆ ಇಷ್ಟೇ.

ಇದನ್ನು ಪ್ರಾಣಾಯಾಮದೊಂದಿಗೆ ಕಲಸುವವರು ಬಹಳ. ಪ್ರಾಣಾಯಾಮದಲ್ಲಿ ಉಸಿರನ್ನು ನಾವು ನಡೆಸುತ್ತೇವೆ, ಇಲ್ಲಿ ಉಸಿರು ತನ್ನಷ್ಟಕ್ಕೆ ನಡೆಯುತ್ತದೆ, ನಾವು ನೋಡುತ್ತೇವೆ. ಜಪದಲ್ಲಿ ಗಮನವೆಲ್ಲ ಒಂದು ನಾಮದ ಮೇಲೆ ನಿಲ್ಲಬೇಕು. ಇಲ್ಲಿ ಏನು ಬಂದರೂ ಅದೇ ಗಮನದ ವಸ್ತುವಾಗಬಹುದು. ಮನಸ್ಸನ್ನು ಖಾಲಿ ಮಾಡುವ ಉದ್ದೇಶವಂತೂ ಇದಕ್ಕೆ ಇಲ್ಲವೇ ಇಲ್ಲ.

ಇದರ ಬೇರು ಮೈ ಮನಸ್ಸುಗಳನ್ನು ಎಚ್ಚರದಿಂದ ಗಮನಿಸುವ, ಬೌದ್ಧರ ಸತಿಪಟ್ಠಾನ ಎಂಬ ಅಭ್ಯಾಸದಲ್ಲಿದೆ. ಆಸ್ಪತ್ರೆಗಳಿಗೆ ತಂದವರು ಜಾನ್ ಕಬಟ್-ಜಿನ್. ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ ರೋಗಿಗಳಿಗಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಅವರು ತರಗತಿ ಶುರುಮಾಡಿದರು. ಅದರಲ್ಲಿ ಮಂತ್ರವಿಲ್ಲ, ದೇವರ ಹೆಸರಿಲ್ಲ. ಹಾಗಾಗಿ ಜಪಮಾಲೆ ಹಿಡಿಯುವವರು, ತೇರ್ಸ್ (ಕ್ರೈಸ್ತರ ಜಪಸರದ ಪ್ರಾರ್ಥನೆ) ಹೇಳುವವರು, ನಮಾಜು ಮಾಡುವವರು ಯಾರೂ ತಮ್ಮದನ್ನು ಬಿಟ್ಟು ಇದಕ್ಕೆ ಬರಬೇಕಾಗಿಲ್ಲ.

ಮನಸ್ಸು ಯಾಕೆ ಓಡುತ್ತದೆ

ಕೈಗೆ ಕೆಲಸವಿಲ್ಲದಾಗ, ಅಥವಾ ಕೈಗೆ ಪೂರ್ತಿ ರೂಢಿಯಾದ ಕೆಲಸ ಮಾಡುವಾಗ, ಮಿದುಳಿನ ಒಂದು ಜಾಲ ಚುರುಕಾಗುತ್ತದೆ. ಹಿಂದಿನದನ್ನು ಮೆಲುಕು ಹಾಕುವುದು, ಮುಂದಿನದನ್ನು ಊಹಿಸುವುದು, "ಅವರು ನನ್ನ ಬಗ್ಗೆ ಏನು ತಿಳಿದಾರು" ಎಂದು ಲೆಕ್ಕ ಹಾಕುವುದು ಎಲ್ಲ ಇದರ ಕೆಲಸ. ಬೀಡಿ ಕಟ್ಟುವ ಹೆಂಗಸಿನ ಬೆರಳು ಎಲೆ ಸುರುಳುತ್ತಿರುತ್ತದೆ, ಮನಸ್ಸು ಮಾತ್ರ ಹತ್ತು ವರ್ಷದ ಹಿಂದಿನ ಪಾಲಿನ ಜಗಳವನ್ನು ಮತ್ತೆ ಆಡುತ್ತಿರುತ್ತದೆ. ಇದು ರೋಗವಲ್ಲ. ನಾಳೆಗೆ ಯೋಜನೆ ಹಾಕಲು, ತಪ್ಪಿನಿಂದ ಕಲಿಯಲು ಇದೇ ಜಾಲ ಬೇಕು. ನೋವಿನ ವಿಷಯ ಸಿಕ್ಕಿದಾಗ ಅದು ಅಲ್ಲೇ ಸುತ್ತುತ್ತದೆ ಎಂಬುದೇ ತೊಂದರೆ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತವರನ್ನು ನೆನೆಸಿಕೊಳ್ಳಿ. ಸುರತ್ಕಲ್‌ಗೆ ಹೋಗಬೇಕಾದವರು ತಲಪಾಡಿ ಬಸ್ಸಿನ ಕಂಡಕ್ಟರ್ ಎಷ್ಟೇ ಕೂಗಲಿ, ಹತ್ತುವುದಿಲ್ಲ. ಕೂಗು ಕೇಳುತ್ತದೆ, ಬಸ್ಸು ಹೋಗುತ್ತದೆ, ಅಷ್ಟೇ. ಯೋಚನೆಯ ವಿಷಯದಲ್ಲಿ ಮಾತ್ರ ನಾವು ಕೂಗಿದ ಬಸ್ಸಿಗೆಲ್ಲ ಹತ್ತುತ್ತೇವೆ, ತಲಪಾಡಿ ಮುಟ್ಟಿದ ಮೇಲೆ "ಅಯ್ಯೋ" ಎನ್ನುತ್ತೇವೆ. ಅಭ್ಯಾಸ ಮಾಡಿದರೆ ಬಸ್ಸು ಬರುವುದು ನಿಲ್ಲುವುದಿಲ್ಲ. ಹತ್ತಿದ್ದು ಎಲ್ಲಿ ಗೊತ್ತಾಗುತ್ತದೆ ಎಂಬುದು ಬದಲಾಗುತ್ತದೆ. ಮೊದಲು ತಲಪಾಡಿಯಲ್ಲಿ, ಆಮೇಲೆ ನಡುದಾರಿಯ ತೊಕ್ಕೊಟ್ಟಿನಲ್ಲಿ, ಕೆಲವು ವಾರ ಕಳೆದರೆ ಇನ್ನೂ ಮೊದಲೇ ಸಿಗುವ ಪಂಪ್‌ವೆಲ್‌ನಲ್ಲಿ. ಒಮ್ಮೊಮ್ಮೆ ಮೆಟ್ಟಿಲ ಮೇಲೆ ಕಾಲಿಡುವಾಗಲೇ.

ಮೊದಲ ಅಭ್ಯಾಸ: ಉಸಿರು

ಬೆನ್ನು ನೇರವಾಗುವ ಕುರ್ಚಿ ಸಾಕು, ಚಕ್ಕಳಮಕ್ಕಳ ಹಾಕಲೇಬೇಕೆಂದಿಲ್ಲ. ಎರಡೂ ಪಾದ ನೆಲಕ್ಕೆ ತಾಗಿರಲಿ, ಕೈ ತೊಡೆಯ ಮೇಲಿರಲಿ. ಕಣ್ಣು ಮುಚ್ಚಬಹುದು, ಇಲ್ಲವೇ ನಾಲ್ಕೈದು ಅಡಿ ದೂರದ ನೆಲದ ಮೇಲೆ ನೋಟ ಇಡಬಹುದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮೆಲ್ಲನೆಯ ಸದ್ದಿನ ಟೈಮರ್ ಇಡಿ. ಮೊದಲ ವಾರ 5 ನಿಮಿಷ, ದಿನಕ್ಕೆ ಎರಡು ಸಲ. ಎರಡನೆಯ ವಾರದಿಂದ 10 ನಿಮಿಷ.

ಉಸಿರು ಮೈಯಲ್ಲಿ ಎಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ ಎಂದು ಮೊದಲ ಒಂದು ನಿಮಿಷ ಹುಡುಕಿ. ಕೆಲವರಿಗೆ ಮೂಗಿನ ತುದಿಯಲ್ಲಿ ತಂಪು ತಿಳಿಯುತ್ತದೆ, ಕೆಲವರಿಗೆ ಎದೆ ಏಳುವುದು, ಕೆಲವರಿಗೆ ಹೊಟ್ಟೆ ಉಬ್ಬುವುದು. ನಮ್ಮ ಮಳೆಗಾಲದಲ್ಲಿ ಮೂಗು ಕಟ್ಟುವುದು ಮಾಮೂಲು. ಆಗ ಮೂಗಿನ ಹಟ ಬಿಟ್ಟು ಹೊಟ್ಟೆಯನ್ನೇ ಹಿಡಿಯಿರಿ. ಒಂದು ಜಾಗ ಆರಿಸಿದ ಮೇಲೆ ಆ ದಿನ ಅದನ್ನು ಬದಲಿಸಬೇಡಿ.

ಈಗ ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಅಲ್ಲೇ ನೋಡುತ್ತ ಕೂರಿ. ಮನಸ್ಸು ಹೊರಟುಹೋಗುತ್ತದೆ. ಹೋಗಿದೆ ಎಂದು ಗೊತ್ತಾದಾಗ ಒಳಗೇ "ಯೋಚನೆ" ಎಂದು ಒಂದು ಮಾತು ಹೇಳಿ ಮರಳಿ ಆ ಜಾಗಕ್ಕೆ ಬನ್ನಿ. ಬೈದುಕೊಳ್ಳಬೇಡಿ. ಬೈದರೆ ಅದೂ ಇನ್ನೊಂದು ಯೋಚನೆ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಹೋಗಿ ಮೂವತ್ತು ಸಲ ಮರಳಿದರೆ ಅಭ್ಯಾಸ ಕೆಟ್ಟಿಲ್ಲ, ಮೂವತ್ತು ಸಲ ಆಗಿದೆ. ಮರಳಿ ಬರುವ ಆ ಸಣ್ಣ ಚಲನೆಯನ್ನು ರೂಢಿಸಿಕೊಳ್ಳಲೆಂದೇ ಕೂರುವುದು.

ಹೊತ್ತಿನ ಬಗ್ಗೆ ಒಂದು ಮಾತು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡು ಕೂತರೆ ತೂಕಡಿಕೆ ಖಂಡಿತ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆಳಿಗ್ಗೆ ಸ್ನಾನವಾದ ಕೂಡಲೇ ಕೂರುವುದು ಒಳ್ಳೆಯದು. ತೂಕಡಿಕೆ ಬಂದರೆ ಕಣ್ಣು ತೆರೆಯಿರಿ, ಆಗಲೂ ಬಂದರೆ ಎದ್ದು ನಿಂತೇ ಮಾಡಿ. ಮಲಗಿಕೊಂಡು ಮಾಡುವ ಅಭ್ಯಾಸವೂ ಉಂಟು. ಎಡಗಾಲಿನ ಬೆರಳಿನಿಂದ ಶುರುಮಾಡಿ ನೆತ್ತಿಯ ತನಕ ಒಂದೊಂದು ಭಾಗದಲ್ಲಿ ಮೂರು ನಾಲ್ಕು ಉಸಿರಿನಷ್ಟು ಹೊತ್ತು ಗಮನ ನಿಲ್ಲಿಸುತ್ತ ಬರುವುದು, ಒಟ್ಟು 20 ನಿಮಿಷ. ಇದನ್ನು ಮೂರನೆಯ ವಾರಕ್ಕೆ ಇಟ್ಟುಕೊಳ್ಳಿ. ಭಾವನೆಗಳ ಜೊತೆ ಕೆಲಸ ಮಾಡಲು ಇದು ಬೇಕೇ ಬೇಕು, ಯಾಕೆಂದರೆ ಭಾವನೆ ಮಾತಾಗುವ ಮೊದಲು ಮೈಯಲ್ಲಿ ತೋರುತ್ತದೆ.

ನೋವು ಬಂದಾಗ ಮಾಡುವುದು

ಭಾನುವಾರ ದುಬೈಯಿಂದ ಮಗನ ಫೋನ್ ಬರಲಿಲ್ಲ. ಸಂಜೆಯಾಗುವಷ್ಟರಲ್ಲಿ ತಾಯಿಗೆ ಎದೆ ಭಾರ. "ಅವನಿಗೆ ನಾವು ಬೇಡವಾದೆವು" ಎಂಬ ಮಾತು ಒಳಗೆ ತಿರುಗುತ್ತಿದೆ. ಅಷ್ಟರಲ್ಲಿ ಚಹಾ ತಡವಾಯಿತೆಂದು ಗಂಡ ಕೇಳಿದರೆ ಅವರ ಮೇಲೆ ಸಿಡುಕು. ಇಲ್ಲಿ ಮೂರು ಸಂಗತಿ ಒಂದರ ಮೇಲೊಂದು ಕೂತಿವೆ. ಫೋನ್ ಬರಲಿಲ್ಲ ಎಂಬುದು ನಡೆದದ್ದು. ಎದೆ ಭಾರ ಎಂಬುದು ಮೈಯದು. ಬೇಡವಾದೆವು ಎಂಬುದು ಮನಸ್ಸು ಸೇರಿಸಿದ್ದು. ಮೂರೂ ಒಂದೇ ಎಂದು ತೋರುವ ತನಕ ಬಿಡುಗಡೆಯಿಲ್ಲ. ಬಿಡಿಸಿ ನೋಡುವುದಕ್ಕೆ ಐದು ನಿಮಿಷ ಸಾಕು.

ಮೊದಲು ನಿಲ್ಲುವುದು. ಇದ್ದಲ್ಲೇ ಪಾದ ನೆಲಕ್ಕೆ ಒತ್ತಿ ಮೂರು ಉಸಿರು. ಎದೆ ಡವಡವ ಎನ್ನುತ್ತಿದ್ದರೆ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಎರಡು ನಿಮಿಷ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಬಿಡುವ ಹೊತ್ತು ಹೆಚ್ಚಿರಬೇಕು. ಇದು ಮೈಂಡ್‌ಫುಲ್‌ನೆಸ್‌ಗೆ ಮುಂಚಿನ ಪ್ರಥಮ ಚಿಕಿತ್ಸೆ ಎಂದಿಟ್ಟುಕೊಳ್ಳಿ.

ಎರಡನೆಯದು ಹೆಸರಿಡುವುದು. "ಮಂಡೆಬಿಸಿ" ಎಂದಷ್ಟೇ ಹೇಳಿ ನಿಲ್ಲಿಸಬೇಡಿ, ಅದರೊಳಗೆ ಏನೇನೋ ಉಂಟು. ಹೆದರಿಕೆಯೇ, ನಾಚಿಕೆಯೇ, ಒಂಟಿತನವೇ, ಬರೀ ದಣಿವೇ? ಮನೆಯಲ್ಲಿ ಜಗಳವಾಡುವ ಭಾಷೆಯಲ್ಲೇ ಹೆಸರಿಡಿ, ತುಳುವಾಗಲಿ, ಕೊಂಕಣಿಯಾಗಲಿ, ಬ್ಯಾರಿಯಾಗಲಿ, ಕುಂದಾಪ್ರ ಕನ್ನಡವಾಗಲಿ. ಭಾವನೆ ಇರುವುದು ಆ ಭಾಷೆಯಲ್ಲಿ. "ನಾನು ದುಃಖಿ" ಎನ್ನುವುದಕ್ಕಿಂತ "ಈಗ ದುಃಖ ಬಂದಿದೆ" ಎಂದರೆ ನಮಗೂ ಅದಕ್ಕೂ ನಡುವೆ ಒಂದಿಷ್ಟು ಜಾಗ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾವುಕ ಮುಖಗಳ ಚಿತ್ರ ನೋಡುತ್ತ ಅಲ್ಲಿರುವ ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿದದ್ದು ಸ್ಕ್ಯಾನಿನಲ್ಲಿ ಕಂಡಿತು. ಹೆದರಿಕೆಯ ಸೂಚನೆಗೆ ಥಟ್ಟನೆ ಪ್ರತಿಕ್ರಿಯಿಸುವ ಭಾಗ ಅದು.

ಮೂರನೆಯದು ಮೈಯಲ್ಲಿ ಹುಡುಕುವುದು. ಗಂಟಲಲ್ಲೋ, ಎದೆಯಲ್ಲೋ, ಹೊಟ್ಟೆಯಲ್ಲೋ? ಎಷ್ಟು ದೊಡ್ಡದು, ಬಿಸಿಯೋ ತಂಪೋ, ನಿಂತಿದೆಯೋ ಅಲುಗುತ್ತಿದೆಯೋ? ಒಂದು ನಿಮಿಷ ನೋಡಿದರೆ ಅದು ಒಂದೇ ಸಮನೆ ಇರುವುದಿಲ್ಲ, ಹೆಚ್ಚು ಕಡಿಮೆಯಾಗುತ್ತದೆ ಎಂದು ಕಾಣುತ್ತದೆ. "ಇದು ಮುಗಿಯುವುದೇ ಇಲ್ಲ" ಎಂಬ ಭಯ ಸಡಿಲಾಗುವುದು ಹೀಗೆ ಕಣ್ಣಾರೆ ಕಂಡಾಗಲೇ. ಬುದ್ಧಿವಾದದಿಂದ ಅದು ಆಗುವುದಿಲ್ಲ.

ನಾಲ್ಕನೆಯದು "ಸದ್ಯಕ್ಕೆ ಇರಲಿ" ಎಂದು ಜಾಗ ಕೊಡುವುದು. ಇಲ್ಲಿ ಒಪ್ಪಿಕೊಳ್ಳುತ್ತಿರುವುದು ಒಳಗಿನ ನೋವನ್ನು ಮಾತ್ರ. ನಮಗೆ ಅನ್ಯಾಯ ಮಾಡಿದವರನ್ನಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಹೆಂಗಸರು ಮೈಂಡ್‌ಫುಲ್‌ನೆಸ್ ಎಂದರೆ ಇನ್ನಷ್ಟು ಸಹಿಸುವುದು ಎಂದುಕೊಳ್ಳುತ್ತಾರೆ.

ಕೊನೆಗೆ ಕೇಳಿಕೊಳ್ಳುವುದು: ಇದಕ್ಕೆ ಈಗ ಏನು ಬೇಕು? ದಣಿವಿಗೆ ನಿದ್ದೆ ಬೇಕು. ಒಂಟಿತನಕ್ಕೆ ಒಬ್ಬರ ಜೊತೆ ಮಾತು. ಹೆದರಿಕೆಗೆ ಸರಿಯಾದ ಮಾಹಿತಿ. ಸಿಟ್ಟು ಅನ್ಯಾಯದಿಂದ ಬಂದಿದ್ದರೆ ಬಾಯಿಬಿಟ್ಟು ಹೇಳಬೇಕು. ಆ ತಾಯಿ ತಾನೇ ಫೋನ್ ತಿರುಗಿಸಬಹುದು.

ಇದನ್ನೆಲ್ಲ ದೊಡ್ಡ ನೋವಿನ ದಿನವೇ ಮೊದಲ ಬಾರಿ ಮಾಡಲು ಹೋದರೆ ಆಗುವುದಿಲ್ಲ. ಹತ್ತಕ್ಕೆ ಮೂರು ನಾಲ್ಕರಷ್ಟಿರುವ ಕಿರಿಕಿರಿಯಲ್ಲಿ ಕಲಿಯಬೇಕು. ಬಸ್ಸು ತಪ್ಪಿದಾಗ, ಗಾಳಿಮಳೆಗೆ ಕರೆಂಟು ಹೋದಾಗ, ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಕೊಂಕು ಬರೆದಾಗ.

ಯಾರನ್ನೋ ಕಳೆದುಕೊಂಡಾಗ

ಬೊಜ್ಜ (ಉತ್ತರಕ್ರಿಯೆ) ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆ ಬಿಕೋ ಎನ್ನುವ ದಿನಗಳಲ್ಲಿ ಹತ್ತು ನಿಮಿಷ ಕಣ್ಣುಮುಚ್ಚಿ ಕೂರುವುದು ಕೆಲವರಿಗೆ ತಡೆಯಲಾಗದಷ್ಟು ಕಷ್ಟ. ಒತ್ತಾಯ ಬೇಡ. ದುಃಖಿಸುವವರ ಮನಸ್ಸು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ಹೋಗಿಬಂದು ಮಾಡುತ್ತದೆ, ಹಾಗೆ ಹೋಗಿಬರುವುದೇ ಸಹಜ ಎಂದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ವಿವರಿಸಿದರು. ಅದನ್ನೇ ಅಳತೆಯಲ್ಲಿ ಮಾಡಬಹುದು. ದಿನದಲ್ಲಿ ಐದು ನಿಮಿಷ ಹೋದವರ ಪಟದ ಮುಂದೆಯೋ ಅವರ ಕನ್ನಡಕ ಕೈಯಲ್ಲಿ ಹಿಡಿದೋ ಕೂತು, ಬಂದದ್ದನ್ನು ಬರಲು ಬಿಡಿ. ಅಳು ಬಂದರೆ ಅಳಲಿ. ಟೈಮರ್ ಸದ್ದು ಮಾಡಿದ ಮೇಲೆ ಎದ್ದು ಕೈಗೆ ಕೆಲಸ ಕೊಡಿ. ಬಾವಿಯಿಂದ ನೀರು ಸೇದುವುದು, ಮಲ್ಲಿಗೆ ಕಟ್ಟುವುದು, ಗಿಡಕ್ಕೆ ಬುಡ ಬಿಡಿಸುವುದು. ಹಗ್ಗದ ಒರಟು, ನೀರಿನ ಭಾರ, ಮೊಗ್ಗಿನ ತಂಪು ಇವುಗಳ ಮೇಲೆ ಗಮನವಿರಲಿ.

ದಿನದ ಸಣ್ಣ ಸಂತೋಷ

ಮನಶ್ಶಾಸ್ತ್ರಜ್ಞರಾದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 2250 ವಯಸ್ಕರಿಗೆ ಐಫೋನ್ ಮೂಲಕ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅಲ್ಲೇ ಇದೆಯೇ, ಎಷ್ಟು ಸಂತೋಷವಾಗಿದ್ದೀರಿ? ಬಂದ ಉತ್ತರಗಳಲ್ಲಿ ಶೇ. 46.9ರಲ್ಲಿ ಮನಸ್ಸು ಬೇರೆಲ್ಲೋ ಇತ್ತು, ಹಾಗಿದ್ದಾಗ ಸಂತೋಷ ಕಡಿಮೆ ಇತ್ತು. ಹಿತವಾದ ವಿಷಯದ ಬಗ್ಗೆ ಕನಸು ಕಾಣುತ್ತಿದ್ದವರು ಕೂಡ ಮಾಡುವ ಕೆಲಸದಲ್ಲೇ ಮನಸ್ಸಿದ್ದವರಿಗಿಂತ ಹೆಚ್ಚು ಸಂತೋಷವಾಗಿರಲಿಲ್ಲ.

ಹಾಗಾದರೆ ಸಂತೋಷಕ್ಕೆ ಹೊಸದೇನನ್ನೂ ತರಬೇಕಿಲ್ಲ, ಇರುವುದರ ಬಳಿ ಇರಬೇಕು. ಕುಚ್ಚಲಕ್ಕಿ ಗಂಜಿಯಿಂದ ಶುರುಮಾಡಬಹುದು. ಟಿವಿ ಆರಿಸಿ ಬಟ್ಟಲು ಮುಂದಿಟ್ಟುಕೊಳ್ಳಿ. ಮೊದಲು ಹಬೆ ಮುಖಕ್ಕೆ ತಾಗುವುದು, ತಿಳಿಯ ವಾಸನೆ. ಮೊದಲ ಗುಟುಕನ್ನು ನಾಲಿಗೆಯ ಮೇಲೆ ಒಂದು ಕ್ಷಣ ನಿಲ್ಲಿಸಿ. ಅರಳಿದ ಅಗುಳು ಹಲ್ಲಿಗೆ ಸಿಕ್ಕಿ ಒಡೆಯುತ್ತದೆ, ಒಳಗೆ ಸ್ವಲ್ಪ ಗಟ್ಟಿ. ಮಿಡಿ ಉಪ್ಪಿನಕಾಯಿ ತಾಗಿಸಿದ ಕೂಡಲೇ ಕೆನ್ನೆಯ ಒಳಬದಿಯಲ್ಲಿ ನೀರೂರುತ್ತದೆ. ಆಮೇಲೆ ಒಂದು ಗಮನಿಸಿ: ಬಾಯಲ್ಲಿರುವುದು ಇಳಿಯುವ ಮೊದಲೇ ಕೈ ಮುಂದಿನ ಗುಟುಕಿಗೆ ಚಮಚ ಮುಳುಗಿಸಿಬಿಟ್ಟಿರುತ್ತದೆ. ಅದೇ ಮನಸ್ಸಿನ ಓಟ. ಚಮಚ ಕೆಳಗಿಟ್ಟು ನುಂಗಿದ ಮೇಲೆ ಎತ್ತಿ. ಊಟವಿಡೀ ಹೀಗೆ ಬೇಡ, ಮೊದಲ ಐದು ಗುಟುಕು ಸಾಕು.

ಇಂಥದ್ದು ದಿನಕ್ಕೆ ಮೂರು, ತಲಾ ಅರ್ಧ ನಿಮಿಷ. ಗಂಜಿ ಒಂದಾದರೆ, ಸ್ನಾನದ ಮೊದಲ ಚೊಂಬು ಬಿಸಿನೀರು ಇನ್ನೊಂದು. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಕಡಲ ಬದಿಗೆ ಹೋದವರು ಫೋಟೊ ತೆಗೆಯುವ ಮುಂಚೆ ಹತ್ತು ಅಲೆ ಬರೀ ನೋಡಲಿ.

ಎಲ್ಲಿ ದಾರಿ ತಪ್ಪುತ್ತದೆ

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು, ಎದ್ದ ಮೇಲೆ "ಇವತ್ತು ಶಾಂತಿ ಸಿಕ್ಕಿತೇ" ಎಂದು ಅಳೆಯುವುದು. ಶಾಂತಿ ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಕೂತಿರೋ ಇಲ್ಲವೋ ಎಂಬುದನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬದಲಾವಣೆ ಕಾಣುವುದು ಕೂತ ಹೊತ್ತಿನಲ್ಲಲ್ಲ, ಹೊರಗೆ. ಸಿಟ್ಟು ಬಂದದ್ದು ಬೈದ ಮೇಲೆ ಗೊತ್ತಾಗುತ್ತಿದ್ದವರಿಗೆ ಬೈಯುವ ಮೊದಲೇ ಗೊತ್ತಾಗತೊಡಗುತ್ತದೆ.

ಇನ್ನೊಂದು ತಪ್ಪು ಇದನ್ನು ಅಡಗುತಾಣ ಮಾಡಿಕೊಳ್ಳುವುದು. ಸಾಲದ ನೋಟಿಸು ಬಂದಾಗ ಕೂತು ಉಸಿರು ನೋಡಿದರೆ ಸಾಲ ತೀರುವುದಿಲ್ಲ. ತಲೆ ತಿಳಿಯಾದ ಮೇಲೆ ಬ್ಯಾಂಕಿಗೆ ಹೋಗಲೇಬೇಕು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ ಮೊದಲು ಬೇಕಾದ್ದು ರಕ್ಷಣೆ. ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೇ.

ವೈದ್ಯಕೀಯವಾಗಿ ಎಷ್ಟು ನಂಬಬಹುದು

ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2014ರಲ್ಲಿ 47 ಪ್ರಯೋಗಗಳ ಒಟ್ಟು 3515 ಮಂದಿಯ ಫಲಿತಾಂಶವನ್ನು ಜೋಡಿಸಿ ನೋಡಿದರು. ಆತಂಕ, ಖಿನ್ನತೆ, ನೋವು ಈ ಮೂರರಲ್ಲಿ ಮೈಂಡ್‌ಫುಲ್‌ನೆಸ್‌ನಿಂದ ಸುಧಾರಣೆ ಕಂಡಿತು, ಅದಕ್ಕಿರುವ ಪುರಾವೆ ಮಧ್ಯಮ ಬಲದ್ದು. ಔಷಧ, ವ್ಯಾಯಾಮದಂಥ ಬೇರೆ ಚಿಕಿತ್ಸೆಗಿಂತ ಇದು ಮೇಲು ಎಂಬುದಕ್ಕೆ ಪುರಾವೆ ಸಿಗಲಿಲ್ಲ. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆತಂಕದ ಕಾಯಿಲೆಯಿದ್ದ 276 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆತಂಕಕ್ಕೆ ಕೊಡುವ ಎಸಿಟಾಲೊಪ್ರಾಮ್ ಮಾತ್ರೆ, ಇನ್ನೊಂದಕ್ಕೆ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಗತಿ ಕೊಟ್ಟಾಗ ಫಲ ಹೆಚ್ಚುಕಡಿಮೆ ಒಂದೇ ಬಂತು. ಆದರೆ ಅದು ಫೋನಿನ ಐದು ನಿಮಿಷದ ಆ್ಯಪ್ ಆಗಿರಲಿಲ್ಲ. ವಾರಕ್ಕೆ ಎರಡೂವರೆ ಗಂಟೆ ಶಿಕ್ಷಕರ ಎದುರು, ಮನೆಯಲ್ಲಿ ದಿನಾ 45 ನಿಮಿಷ.

ಖಿನ್ನತೆ ಮರುಕಳಿಸುವವರಿಗೆ ಬೇರೆಯೇ ತರಗತಿ ಉಂಟು. ಅದನ್ನು ರೂಪಿಸಿದವರು ಮನಶ್ಶಾಸ್ತ್ರಜ್ಞರಾದ ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್. 2000ದಲ್ಲಿ ಬಂದ ಮೊದಲ ಪ್ರಯೋಗದಲ್ಲಿ, ಅದುವರೆಗೆ ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಬಿದ್ದಿದ್ದವರ ಪೈಕಿ, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಮರುಕಳಿಕೆ ಶೇ. 66 ಇದ್ದರೆ ತರಗತಿಗೂ ಹೋದವರಲ್ಲಿ ಶೇ. 37 ಇತ್ತು. ಎರಡೇ ಸಲ ಬಿದ್ದಿದ್ದವರಲ್ಲಿ ಅಂಥ ಲಾಭ ಕಾಣಲಿಲ್ಲ. ಈ ತರಗತಿಯನ್ನು ಖಿನ್ನತೆ ಇಳಿದು ಮನಸ್ಸು ಸುಧಾರಿಸಿದ ಕಾಲದಲ್ಲಿ, ಮತ್ತೆ ಬೀಳದಿರಲೆಂದು ಕೊಡುತ್ತಾರೆ. ತೀವ್ರ ಖಿನ್ನತೆಯ ನಡುವೆ ಇದೊಂದನ್ನೇ ನಂಬಿ ಕೂರುವುದು ತರವಲ್ಲ. ನುಂಗುತ್ತಿರುವ ಮಾತ್ರೆಯನ್ನು ತಾನಾಗಿ ನಿಲ್ಲಿಸುವುದಂತೂ ಅಪಾಯ. ಕಡಿಮೆ ಮಾಡಬೇಕಾದರೆ ವೈದ್ಯರೇ ಹಂತ ಹಂತವಾಗಿ ಮಾಡಿಸಬೇಕು.

ಯಾರು ಎಚ್ಚರವಾಗಿರಬೇಕು

ಅಪಘಾತ, ದೌರ್ಜನ್ಯ, ಕಡಲಲ್ಲಿ ದೋಣಿ ಮಗುಚಿದಂಥ ಆಘಾತ ಕಂಡವರಿಗೆ ಕಣ್ಣುಮುಚ್ಚಿ ಉಸಿರು ನೋಡುವಾಗಲೇ ಆ ದೃಶ್ಯ ಮರಳಬಹುದು, ಉಸಿರು ಕಟ್ಟಿದಂತಾಗಬಹುದು. ಹಾಗಾದರೆ ಮುಂದುವರಿಸಬೇಡಿ. ಕಣ್ಣು ತೆರೆದು ಕೋಣೆಯಲ್ಲಿ ಐದು ವಸ್ತುಗಳ ಹೆಸರು ಹೇಳಿ, ಪಾದ ನೆಲಕ್ಕೆ ಒತ್ತಿ, ತಣ್ಣೀರು ಮುಟ್ಟಿ. ಮುಂದೆ ಅಭ್ಯಾಸ ಮಾಡುವಾಗ ಉಸಿರಿನ ಬದಲು ಪಾದದ ಸ್ಪರ್ಶ ಅಥವಾ ಹೊರಗಿನ ಸದ್ದು ಆರಿಸಿ, ಎರಡು ನಿಮಿಷಕ್ಕೆ ಮಿತಿ ಹಾಕಿ. ಇಲ್ಲದ ದನಿ ಕೇಳಿಸುವ ಕಾಯಿಲೆ, ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗುವ ಬೈಪೋಲಾರ್ ಕಾಯಿಲೆ ಇರುವವರು ದಿನಗಟ್ಟಲೆ ಮೌನದಲ್ಲಿ ಕೂರುವ ಶಿಬಿರಕ್ಕೆ ವೈದ್ಯರನ್ನು ಕೇಳದೆ ಸೇರಬಾರದು.

ಎರಡು ವಾರ ದಾಟಿದರೂ ನಿದ್ದೆ, ಊಟ, ಕೆಲಸ ಹಳಿಗೆ ಬರದಿದ್ದರೆ ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆಗೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗಿ ಕೇಳಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯಬೇಡಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರಕಾರದ ಸೇವೆ ಇದು.

ಕಲಿಸುವವರನ್ನು ಆರಿಸುವಾಗ

ತರಗತಿಗೆ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ನೀವೇ ಎಷ್ಟು ವರ್ಷದಿಂದ ಅಭ್ಯಾಸ ಮಾಡುತ್ತಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ? ನಾನು ತೆಗೆದುಕೊಳ್ಳುವ ಔಷಧದ ಬಗ್ಗೆ ನಿಮ್ಮ ನಿಲುವೇನು? ಕೂತಾಗ ನನಗೆ ಹೆದರಿಕೆ ಹೆಚ್ಚಾದರೆ ಏನು ಮಾಡುತ್ತೀರಿ? ಔಷಧ ಬಿಡಿ ಎಂದವರನ್ನೂ, ಮೂರನೆಯ ಪ್ರಶ್ನೆಗೆ "ಹಾಗೆಲ್ಲ ಯಾರಿಗೂ ಆಗುವುದೇ ಇಲ್ಲ" ಎಂದವರನ್ನೂ ಬಿಟ್ಟು ಬೇರೆಯವರನ್ನು ಹುಡುಕಿ.